ತೊಗರಿಕಾಳಿನಷ್ಟು ಸಾಕು

ಹೋದ ಸಲ ನಾಯಿಗೆ ಹೇಳಿದ ಮಾತು ಕೇಳೋದನ್ನು ಕಲಿಸುವ ಬಗ್ಗೆ ಬರೆದು, ಅನುಮಾನ ಇದ್ದರೆ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಕಲಿಸುವಾಗ ನಾಯಿಯ ಬಾಯಿಗೆ ಏನು ಹಾಕಬೇಕು? ಅಂಗಡಿಯವರು ಇದಕ್ಕೆ ಟ್ರೀಟ್ ಅಂತಾರೆ, ನಾನು ತಿನಿಸು ಅಂತಲೇ ಬರೆಯುತ್ತೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಒಂದೇ ಸಾಲು ಕೊಟ್ಟಿದ್ದೇನೆ. ಬೇಜಾರು ಮಾಡ್ಕೋಬೇಡಿ.

ನಮ್ಮದು ಏಳು ತಿಂಗಳ ಲ್ಯಾಬ್ರಡಾರ್, 22 ಕೆಜಿ ಇದ್ದಾನೆ. ಕೂಡು, ನಿಲ್ಲು, ಕೈ ಕೊಡು ಎಲ್ಲಾ ಕಲಿತಿದ್ದಾನೆ. ಪ್ರತಿ ಸಲಕ್ಕೂ ಒಂದು ಗ್ಲೂಕೋಸ್ ಬಿಸ್ಕತ್ತು ಕೊಡ್ತೀನಿ, ದಿನಕ್ಕೆ ಇಪ್ಪತ್ನಾಲ್ಕು ಆಗ್ತಾವೆ. ಈಗ ರಾತ್ರಿ ಊಟದ ತಟ್ಟೆ ಮೂಸಿ ನೋಡಿ ಎದ್ದು ಹೋಗ್ತಾನೆ. ಹೊಟ್ಟೆ ಕೆಟ್ಟಿದೆಯಾ ಡಾಕ್ಟ್ರೇ?
— ಗೃಹಿಣಿ, ಆಳಂದ ರಸ್ತೆ, ಕಲಬುರಗಿ

ಆಟ ಆಡ್ತಿದ್ದಾನೆ, ವಾಂತಿ ಭೇದಿ ಇಲ್ಲ ಅಂತಾದರೆ ಅವನ ಹೊಟ್ಟೆ ಚೆನ್ನಾಗೇ ಇದೆ ತಂಗಿ, ತುಂಬಿದೆ ಅಷ್ಟೆ. ಒಂದು ಗ್ಲೂಕೋಸ್ ಬಿಸ್ಕತ್ತು ಅಂದರೆ ಸುಮಾರು 20 ಕ್ಯಾಲರಿ. ಇಪ್ಪತ್ನಾಲ್ಕಕ್ಕೆ 480 ಆಯಿತು. ನಿಮ್ಮ ಹುಡುಗನ ವಯಸ್ಸಿಗೆ, ತೂಕಕ್ಕೆ ದಿನಕ್ಕೆ ಬೇಕಾದದ್ದು ಹೆಚ್ಚು ಕಮ್ಮಿ 1,400 ಕ್ಯಾಲರಿ. ಮೂರನೇ ಒಂದು ಭಾಗ ಮೈದಾ ಸಕ್ಕರೆಯಲ್ಲೇ ಮುಗಿದ ಮೇಲೆ ಊಟ ಯಾಕೆ ಬೇಕು ಹೇಳಿ? ತಿನಿಸು ದಿನದ ಆಹಾರದ ಹತ್ತರಲ್ಲಿ ಒಂದು ಭಾಗ ದಾಟಬಾರದು, ಇದನ್ನು ಎಲ್ಲ ಪಶುವೈದ್ಯರೂ ಹೇಳುತ್ತಾರೆ. ನಿಮ್ಮ ಲೆಕ್ಕಕ್ಕೆ 140 ಕ್ಯಾಲರಿ, ಅಂದರೆ ಏಳು ಬಿಸ್ಕತ್ತು.

ಆದರೆ ಏಳು ಸಲದಲ್ಲಿ ಯಾವ ನಾಯಿಯೂ ಏನೂ ಕಲಿಯೋದಿಲ್ಲ, ಅದಕ್ಕೆ ಎಂಬತ್ತು ನೂರು ಸಲ ಬೇಕು. ಹಾಗಾಗಿ ನಾನು ಎಲ್ಲರಿಗೂ ಹೇಳೋದು, ಚಿಕ್ಕದಾಗಿ ಕತ್ತರಿಸಿ. ಇನ್ನೂ ಚಿಕ್ಕದಾಗಿ. ಪಾಮೇರಿಯನ್ ಥರದ ಸಣ್ಣ ನಾಯಿಗೆ ತೊಗರಿಕಾಳಿನಷ್ಟು, ನಿಮ್ಮ ಲ್ಯಾಬ್ರಡಾರಿಗೆ ಕಾಬೂಲಿ ಕಡಲೆಯಷ್ಟು. ತೊಗರಿಯ ಕಣಜದಲ್ಲಿ ಕೂತು ಈ ಅಳತೆ ಗೊತ್ತಿಲ್ಲ ಅನ್ನೋ ಹಾಗಿಲ್ಲ! ನಾಯಿ ಎಷ್ಟು ಸಲ ಸಿಕ್ಕಿತು ಅಂತ ನೋಡುತ್ತದೆ, ಎಷ್ಟು ದೊಡ್ಡದು ಸಿಕ್ಕಿತು ಅಂತ ಅಳೆಯುತ್ತಾ ಕೂರೋದಿಲ್ಲ. ಮೂಳೆಯಿಲ್ಲದ ಕೋಳಿಯ ಎದೆ ಮಾಂಸ, ಬೆಂದ ಮೇಲೆ 80 ಗ್ರಾಂ ಆಗುವಷ್ಟು, ಬರೀ ನೀರಲ್ಲಿ ಬೇಯಿಸಿ, ಉಪ್ಪು, ಖಾರ, ಎಣ್ಣೆ ಏನೂ ಹಾಕದೆ ಈ ಅಳತೆಗೆ ಕತ್ತರಿಸಿದರೆ ನೂರಕ್ಕಿಂತ ಜಾಸ್ತಿ ತುಂಡು ಬರುತ್ತವೆ. ಎಲ್ಲಾ ಸೇರಿ ಸುಮಾರು 130 ಕ್ಯಾಲರಿ. ಅಷ್ಟನ್ನು ಊಟದಲ್ಲಿ ಕಮ್ಮಿ ಮಾಡಿ.

ಬಿಸ್ಕತ್ತಿನ ಮೇಲೆ ನನಗೆ ಇನ್ನೊಂದು ತಕರಾರು ಇದೆ. ಅದು ಪುಡಿಯಾಗುತ್ತದೆ. ನಾಯಿ ಕಟಕಟ ಕಡಿದು, ನೆಲದ ಮೇಲೆ ಬಿದ್ದ ಚೂರು ನೆಕ್ಕಿ, ಇನ್ನೆಲ್ಲಾದರೂ ಉಳಿದಿದೆಯಾ ಅಂತ ಮೂಸಿ ತಲೆ ಎತ್ತುವಷ್ಟರಲ್ಲಿ ನೀವು ಹೇಳಿಕೊಟ್ಟದ್ದು ಮರೆತು ಹೋಗಿರುತ್ತದೆ. ಕಲಿಸುವ ತಿನಿಸು ಮೆತ್ತಗಿರಬೇಕು, ವಾಸನೆ ಇರಬೇಕು, ಗುಳುಂ ಅಂತ ಒಳಗೆ ಹೋಗಬೇಕು. ವಾಸನೆ ಯಾಕೆ ಅಂದರೆ, ನಮ್ಮ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗು ಇದ್ದರೆ ನಾಯಿಗೆ ಇರೋದು 1,700ರ ಆಸುಪಾಸು. ರುಚಿಯ ಕೆಲಸದ ಬಹುಪಾಲನ್ನು ಮೂಗೇ ಮಾಡುತ್ತದೆ.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರೋ ಹಾಗಿಲ್ಲ, ಅತ್ತೆ ಒಪ್ಪೋದಿಲ್ಲ. ಮೊಬೈಲಿನಲ್ಲಿ ನೋಡಿದರೆ ಎಲ್ಲರೂ ಚಿಕನ್ ಚಿಕನ್ ಅಂತಾರೆ. ನಾಯಿಮರಿ ತಂದು ತಪ್ಪು ಮಾಡಿದ್ವಾ ಅನ್ನಿಸ್ತಿದೆ.
— ಭಾಲ್ಕಿಯಿಂದ ಒಬ್ಬರು ತಾಯಿ

ತಪ್ಪೇನಿಲ್ಲ ತಾಯಿ. ನಮ್ಮ ಭಾಗದ ಎಷ್ಟೋ ಮನೆಗಳ ಕತೆ ಇದು. ದಿನದ ಪೂರ್ತಿ ಊಟ ಸಸ್ಯಾಹಾರದಲ್ಲಿ ಹೇಗೆ ಹೊಂದಿಸಬೇಕು ಅನ್ನೋದು ಬೇರೆ ಮಾತು, ಅದಕ್ಕೆ ನಿಮ್ಮ ಡಾಕ್ಟರ ಹತ್ತಿರ ಕೂತು ಲೆಕ್ಕ ಹಾಕಿಸಬೇಕು. ಕಲಿಸುವ ತಿನಿಸಿಗೆ ಮಾತ್ರ ಮಾಂಸವೇ ಆಗಬೇಕು ಅಂತೇನಿಲ್ಲ.

ನನ್ನ ಮೊದಲ ಆಯ್ಕೆ ಮನೆಯಲ್ಲೇ ಮಾಡಿದ ಪನೀರ್. ಅರ್ಧ ಲೀಟರ್ ಹಾಲು ಕುದಿಸಿ, ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವ ಹಾಗೆ ಒಮ್ಮೆ ತಣ್ಣೀರಲ್ಲಿ ತೊಳೆದು, ಮೇಲೆ ಒರಳುಗಲ್ಲಿನ ಗುಂಡು ಇಟ್ಟು ಒಂದು ತಾಸು ಬಿಡಿ. ಉಪ್ಪು ಬೇಡವೇ ಬೇಡ. ಆಮೇಲೆ ಸಣ್ಣಗೆ ಕತ್ತರಿಸಿ ರೊಟ್ಟಿ ಹಂಚಿನ ಮೇಲೆ ಎಣ್ಣೆಯಿಲ್ಲದೆ ಸ್ವಲ್ಪ ಬಾಡಿಸಿದರೆ ಕೈಗೆ ಅಂಟೋದಿಲ್ಲ, ವಾಸನೆಯೂ ಏಳುತ್ತದೆ. ಕೆನೆ ತೆಗೆದ ಹಾಲಾದರೆ ಇನ್ನೂ ಒಳ್ಳೆಯದು, ಪನೀರಿನಲ್ಲಿ ಕೊಬ್ಬು ಜಾಸ್ತಿ. ಮೊದಲ ದಿನ ನಾಲ್ಕೈದೇ ತುಂಡು ಕೊಟ್ಟು ಮರುದಿನ ಹೊಟ್ಟೆ ಹೇಗಿದೆ ನೋಡಿ. ಕೆಲವು ನಾಯಿಗಳಿಗೆ ಹಾಲಿನ ಪದಾರ್ಥ ಒಗ್ಗೋದಿಲ್ಲ.

ಬೇಯಿಸಿದ ಗೆಣಸು ಬಹಳ ನಾಯಿಗಳಿಗೆ ಇಷ್ಟ. ಗಜ್ಜರಿ, ಸೌತೆಕಾಯಿ ಹೊಟ್ಟೆಗೆ ಹಗುರ, ದಪ್ಪಗಾದ ನಾಯಿಗೆ ಕಣ್ಣು ಮುಚ್ಚಿ ಕೊಡಬಹುದು. ಆದರೆ ಹೊರಗೆ ರಸ್ತೆಯಲ್ಲಿ ಬೆಕ್ಕು ಕಂಡಾಗ ಸೌತೆಕಾಯಿಗೆ ಯಾವ ನಾಯಿ ತಿರುಗಿ ನೋಡುತ್ತದೆ ಹೇಳಿ? ಮನೆಯೊಳಗಿನ ಪಾಠಕ್ಕೆ ಅದು, ಹೊರಗಿನ ಪಾಠಕ್ಕೆ ಪನೀರ್. ಕಡಕ್ ಜೋಳದ ರೊಟ್ಟಿಯ ಚೂರನ್ನೂ ಕೊಡಬಹುದು. ಶೇಂಗಾ ಹುರಿದು ಉಪ್ಪಿಲ್ಲದೆ ನುಣ್ಣಗೆ ಅರೆದರೆ ಅದೇ ಶೇಂಗಾ ಬೆಣ್ಣೆ, ಚಮಚದ ತುದಿಯಲ್ಲಿ ಸ್ವಲ್ಪ ನೆಕ್ಕಿಸಿ. ಉಗುರು ಕತ್ತರಿಸುವಾಗ, ಸ್ನಾನ ಮಾಡಿಸುವಾಗ ಇದರಂಥ ಉಪಾಯ ಇನ್ನೊಂದಿಲ್ಲ. ಹಾಗಂತ ರೊಟ್ಟಿ ಜೊತೆಗಿನ ಶೇಂಗಾ ಹಿಂಡಿ ಕೊಡಬೇಡಿ ಮತ್ತೆ! ಅದರಲ್ಲಿ ಬೆಳ್ಳುಳ್ಳಿ, ಖಾರ, ಉಪ್ಪು ಮೂರೂ ಇವೆ.

ಅತ್ತೆಯವರ ಕೈಯಿಂದಲೇ ದಿನಕ್ಕೆ ಹತ್ತು ತುಂಡು ಪನೀರ್ ಕೊಡಿಸಿ. ಮಿಕ್ಕಿದ್ದನ್ನು ಮರಿ ನೋಡಿಕೊಳ್ಳುತ್ತದೆ.

ನಮ್ಮ ಮುಧೋಳ ನಾಯಿ ಮನೆಯಲ್ಲಿ ಬಂಗಾರ. ಹೊರಗೆ ಹೋದರೆ ಸಾಕು, ಕುರಿ ಹಿಂಡು ಕಂಡ ಕೂಡಲೇ ಕಿವಿ ಇಲ್ಲ. ಬಾಯಿ ಮುಂದೆ ಮಟನ್ ತುಂಡು ಹಿಡಿದರೂ ಮೂಸೋದಿಲ್ಲ. ಎಂಥ ತಿನಿಸು ಕೊಡಬೇಕು?
— ರೈತರು, ಸುರಪುರ ತಾಲೂಕು, ಯಾದಗಿರಿ ಜಿಲ್ಲೆ

ಯಜಮಾನ್ರೇ, ಇದು ತಿನಿಸಿನ ತಪ್ಪಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿತು ಅಂದರೆ ಹಿಂದೆ ಬೀಳೋದು ಅದರ ರಕ್ತದಲ್ಲೇ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು. ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನಾ ಕೇಂದ್ರ ನಡೆಸುತ್ತಿದೆ.

ಬಾಯಿ ಮುಂದಿನ ಮಟನ್ ಬಿಟ್ಟಿತು ಅಂದರೆ ನೀವು ಕುರಿಗೆ ಬಹಳ ಹತ್ತಿರ ಇದ್ದೀರಿ ಅಂತ ಅರ್ಥ. ಹಿಂದಕ್ಕೆ ಬನ್ನಿ. ಐವತ್ತು ಹೆಜ್ಜೆಯೋ ನೂರು ಹೆಜ್ಜೆಯೋ, ಕುರಿ ಕಾಣ್ತಿರಬೇಕು, ನಾಯಿ ತಿನಿಸನ್ನೂ ತಿನ್ನಬೇಕು, ಅಷ್ಟು ದೂರ. ಪಾಠ ಅಲ್ಲಿಂದ ಶುರು. ಕುರಿ ನೋಡಿ ನಿಮ್ಮ ಕಡೆ ತಿರುಗಿದ ಕ್ಷಣವೇ ‘ಭೇಷ್’ ಅನ್ನಿ, ತಕ್ಷಣ ತಿನಿಸು ಕೊಡಿ. ಒಂದೆರಡು ಸೆಕೆಂಡಿಗಿಂತ ತಡ ಮಾಡಿದರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ಗೊತ್ತಾಗೋದಿಲ್ಲ. ವಾರ ವಾರ ಸ್ವಲ್ಪ ಸ್ವಲ್ಪ ಹತ್ತಿರ ಹೋಗಿ. ಅಲ್ಲಿಯವರೆಗೆ ಉದ್ದನೆಯ ಹಗ್ಗ ಬಿಚ್ಚಬೇಡಿ. ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗೆ ಬೇಡ, ಓಡಿ ಜಗ್ಗಿದರೆ ಕತ್ತಿಗೆ ಪೆಟ್ಟು.

ಈ ಹೊರಗಿನ ಪಾಠಕ್ಕೆ ಕಲೇಜಿ, ಅಂದರೆ ಲಿವರ್, ತನ್ನಿ. ಬೇಯಿಸಿ, ಸಣ್ಣಗೆ ಕತ್ತರಿಸಿ, ಹಂಚಿನ ಮೇಲೆ ಒಣಗಿಸಿ. ಅದರ ವಾಸನೆಯ ಮುಂದೆ ಮಾಮೂಲಿ ಮಟನ್ ಏನೂ ಅಲ್ಲ. ಆದರೆ ದಿನಾ ಬೇಡ, ಕಲೇಜಿಯಲ್ಲಿ ವಿಟಮಿನ್ ಎ ತುಂಬಾ ಇದೆ, ಜಾಸ್ತಿಯಾದರೆ ಮೂಳೆಗೆ ತೊಂದರೆ. ವಾರಕ್ಕೆ ಎರಡು ದಿನ, ಒಂದು ಸಣ್ಣ ಹಿಡಿ ಸಾಕು.

(ಕಲೇಜಿ ಅಂದಾಗ ನೆನಪಾಯಿತು. ಬೀದರಿನಲ್ಲಿ ಓದುವಾಗ ಹಾಸ್ಟೆಲ್ ಹಿಂದಿನ ನಾಯಿಗೆ ಪಾಠ ಮಾಡ್ತೀನಿ ಅಂತ ಅಂಗಿ ಜೇಬಲ್ಲಿ ಒಂದು ಹಿಡಿ ಕಲೇಜಿ ಇಟ್ಟುಕೊಂಡು, ಮರೆತು, ಅದೇ ಅಂಗಿ ಚೀಲಕ್ಕೆ ತುಂಬಿ ರಜೆಗೆ ಊರಿಗೆ ಹೋಗಿದ್ದೆ. ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಸೀಟು ಬದಲಾಯಿಸಿದರು. ಮನೆಯಲ್ಲಿ ಅವ್ವ ಅಂದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಮುಚ್ಚಳ ಇರುವ ಸಣ್ಣ ಡಬ್ಬಿ ಇಟ್ಟುಕೊಳ್ಳಿ.)

ಇನ್ನೊಂದು ಮಾತು ಯಜಮಾನ್ರೇ. ಬಹುಮಾನ ಯಾವಾಗಲೂ ತಿನ್ನುವ ವಸ್ತುವೇ ಆಗಬೇಕಿಲ್ಲ. ನಿಮ್ಮ ನಾಯಿಗೆ ಓಟವೇ ಬಹುಮಾನ. ಉದ್ದ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಟವೆಲ್ಲು ಕಟ್ಟಿ ಹೊಲದಲ್ಲಿ ಗರಗರ ತಿರುಗಿಸಿ. ಕರೆದಾಗ ಬಂದರೆ ಆ ಆಟ. ನಾನು ನೋಡಿದ ಎರಡು ಮೂರು ಮುಧೋಳ ನಾಯಿಗಳು ಈ ಆಟಕ್ಕೆ ಮಟನ್ ಬಿಟ್ಟು ಬಂದಿವೆ. ಮತ್ತೆ, ಪಕ್ಕೆಲುಬು ಕಾಣ್ತಿದೆ ಅಂತ ಊರವರು ಹೇಳಿದರು ಅಂತ ತುರುಕಬೇಡಿ, ಆ ತಳಿಯ ಮೈಕಟ್ಟೇ ಹಾಗೆ.

ಕೈಯಲ್ಲಿ ಡಬ್ಬಿ ಕಂಡರೆ ಮಾತ್ರ ನಮ್ಮ ನಾಯಿ ಮಾತು ಕೇಳುತ್ತದೆ. ಡಬ್ಬಿ ಇಲ್ಲ ಅಂದರೆ ಮುಖ ನೋಡಿ ಮಲಗುತ್ತದೆ. ನಾನು ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸ್ತೀನಿ, ಇದೊಂದನ್ನು ಕೂರಿಸೋಕೆ ಆಗ್ತಿಲ್ಲ.
— ಶಿಕ್ಷಕಿ, ಹುಮನಾಬಾದ್

ಟೀಚರಮ್ಮ, ನೀವು ಕೊಡ್ತಿರೋದು ಲಂಚ. ಕೊಡಬೇಕಾದದ್ದು ಪಗಾರ. ಕೆಲಸಕ್ಕೆ ಮೊದಲೇ ತೋರಿಸಿದರೆ ಲಂಚ, ಕೆಲಸ ಆದ ಮೇಲೆ ಕೈಗೆ ಬಂದರೆ ಪಗಾರ. ನಿಮ್ಮ ನಾಯಿ ಡಬ್ಬಿಯನ್ನೇ ‘ಕೂಡು’ ಅನ್ನುವ ಮಾತಿನ ಒಂದು ಭಾಗ ಅಂದುಕೊಂಡಿದೆ ಪಾಪ.

ತಿನಿಸು ತೋರಿಸಿ ಎರಡು ಮೂರು ಸಲ ಕೂರಿಸಿ, ಅಷ್ಟೇ. ನಾಲ್ಕನೇ ಸಲ ಬರೀ ಕೈಯನ್ನು ಅದೇ ಥರ ಮೇಲೆತ್ತಿ. ಕೂತಿತಾ? ‘ಭೇಷ್’ ಅಂದು ಇನ್ನೊಂದು ಕೈಯಿಂದ, ಬೆನ್ನ ಹಿಂದಿನಿಂದ ಕೊಡಿ. ಡಬ್ಬಿಯನ್ನು ಟಿವಿ ಮೇಲೆ, ಅಡುಗೆಮನೆ ಕಟ್ಟೆ ಮೇಲೆ, ಕಿಟಕಿಯಲ್ಲಿ ಹೀಗೆ ಒಂದೊಂದು ದಿನ ಒಂದೊಂದು ಕಡೆ ಇಡಿ. ತಿನಿಸು ಎಲ್ಲಿಂದಾದರೂ ಬರಬಹುದು ಅಂತ ಅದಕ್ಕೆ ಅನ್ನಿಸಬೇಕು. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲ ಕೊಡಬೇಡಿ. ಒಮ್ಮೆ ಎರಡನೇ ಸಲಕ್ಕೆ, ಒಮ್ಮೆ ಐದನೇ ಸಲಕ್ಕೆ, ಒಮ್ಮೊಮ್ಮೆ ಬರೀ ಕಿವಿ ಹಿಂದೆ ಕೆರೆದು ಮುಗಿಸಿ. ಆದರೆ ‘ಬಾ’ ಅಂತ ಕರೆದಾಗ ಬಂದರೆ ಮಾತ್ರ ಜಿಪುಣತನ ಬೇಡ, ಅದಕ್ಕೆ ಯಾವಾಗಲೂ ಒಳ್ಳೆಯ ಪಗಾರ ಇರಲಿ. ರಸ್ತೆಯಲ್ಲಿ ಲಾರಿ ಬರುವಾಗ ಅದೇ ಮಾತು ಅದರ ಜೀವ ಉಳಿಸೋದು.

ಹೋದ ಏಪ್ರಿಲ್‌ನಲ್ಲಿ ಬೇಯಿಸಿದ ಕೋಳಿ ಕೊಟ್ಟೇ ನಾಯಿಗೆ ವಾಂತಿ ಭೇದಿ ಆಯಿತು. ಅಂದಿನಿಂದ ಒಣ ತಿನಿಸಿನ ಪ್ಯಾಕೆಟ್ ಮಾತ್ರ. ಬೇಸಿಗೆಗೆ ಬೇರೆ ದಾರಿ ಇದೆಯಾ?
— ಶಹಾಬಾದ್‌ನಿಂದ

ಕೋಳಿ ಎಷ್ಟು ಹೊತ್ತು ಹೊರಗಿತ್ತು ಅಂತ ನೀವು ಬರೆದಿಲ್ಲ. ನನ್ನ ಅನುಮಾನ ಅಲ್ಲೇ. ಬೇಯಿಸಿದ ಮಾಂಸ 32 ಡಿಗ್ರಿ ಮೇಲಿನ ಬಿಸಿಯಲ್ಲಿ ಒಂದು ತಾಸಿಗಿಂತ ಹೆಚ್ಚು ಹೊರಗೆ ಇರಬಾರದು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ದಾಟೋದು ಮಾಮೂಲು, ಸ್ಕೂಟರ್ ಡಿಕ್ಕಿಯೊಳಗೆ ಇನ್ನೆಷ್ಟು ಇರಬಹುದು ಯೋಚಿಸಿ. ಬೇಯಿಸಿ ಕತ್ತರಿಸಿ ದಿನದ ಲೆಕ್ಕಕ್ಕೆ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ. ಕೆಳಗೆ ಫ್ರಿಜ್ಜಿನಲ್ಲಿ ಇಡೋದಾದರೆ ಮೂರು ದಿನ, ಆಮೇಲೆ ಎಸೆಯಿರಿ. ಕರೆಂಟ್ ಹೋಗಿ ಬಂದು ಮಾಡುವ ಊರಾದರೆ ಎರಡೇ ದಿನ ಅನ್ನಿ.

ಒಣ ಆಹಾರವೇ ಕೊಡ್ತೀನಿ ಅಂದರೆ ಒಂದು ಉಪಾಯ. ನಾಯಿಯ ದಿನದ ಊಟದ ಕಾಳಿನಲ್ಲೇ ಒಂದು ಹಿಡಿ ತೆಗೆದು, ಡಬ್ಬಿಯಲ್ಲಿ ನಾಲ್ಕು ತುಂಡು ಕೋಳಿಯ ಜೊತೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕಾಳಿಗೆಲ್ಲ ಕೋಳಿಯ ವಾಸನೆ ಹತ್ತಿರುತ್ತದೆ. ಹೆಚ್ಚುವರಿ ಕ್ಯಾಲರಿ ಇಲ್ಲ, ಖರ್ಚೂ ಇಲ್ಲ. ಮಧ್ಯಾಹ್ನಕ್ಕೆ ಗಟ್ಟಿ ಮೊಸರನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಒಂದೊಂದು ಕೊಡಿ, ಬೀಜ ತೆಗೆದ ಕಲ್ಲಂಗಡಿ ಕೊಡಿ. ಪಾಠ ಮಾತ್ರ ಬೆಳಿಗ್ಗೆ ಆರಕ್ಕೆ. ಹತ್ತು ಗಂಟೆಗೆ ಅಂಗಳದ ಶಹಾಬಾದಿ ಫರ್ಸಿ ಮೇಲೆ ನಿಮ್ಮ ಅಂಗೈ ಹಿಂಭಾಗ ಏಳು ಸೆಕೆಂಡ್ ಇಟ್ಟು ನೋಡಿ. ನಿಮ್ಮ ಕೈಗೆ ಸುಟ್ಟರೆ ಅದರ ಕಾಲಿಗೂ ಸುಡುತ್ತದೆ.

ವಾಡಿ ಸ್ಟೇಷನ್ ಹತ್ತಿರ ಸಿಕ್ಕ ಬೀದಿ ನಾಯಿಯನ್ನು ಸಾಕಿಕೊಂಡಿದ್ದೇವೆ. ಲಸಿಕೆ ಹಾಕಿಸಿದ್ದೇವೆ. ಆದರೆ ಕೈ ಚಾಚಿದರೆ ಬಾಲ ಮುದುರಿ ಮಂಚದ ಕೆಳಗೆ. ಎಷ್ಟು ರುಚಿಯಾದದ್ದು ಹಿಡಿದರೂ ಬರೋದಿಲ್ಲ.
— ಕಾಲೇಜು ವಿದ್ಯಾರ್ಥಿ, ಚಿತ್ತಾಪುರ

ಲಸಿಕೆ ಮೊದಲು ಹಾಕಿಸಿದ್ದಕ್ಕೆ ನಿನಗೇ ಒಂದು ‘ಭೇಷ್’ ತಮ್ಮಾ. ಕೈ ಅಂದರೆ ಕಲ್ಲು ಅಂತ ಕಲಿತ ನಾಯಿ ಅದು. ತಿನಿಸು ಹಿಡಿದು ಹತ್ತಿರ ಕರೆದರೆ ಅದರ ಹೊಟ್ಟೆ ಬಾ ಅನ್ನುತ್ತದೆ, ತಲೆ ಬೇಡ ಅನ್ನುತ್ತದೆ, ನಡುವೆ ಒದ್ದಾಡುತ್ತದೆ. ಕೈಯಿಂದ ಕೊಡೋದನ್ನೇ ಬಿಡು.

ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತುಕೋ, ಕಣ್ಣಲ್ಲಿ ಕಣ್ಣಿಡಬೇಡ. ತುಂಡನ್ನು ಅದರ ಹಿಂದಕ್ಕೆ ಎಸೆ. ಹೌದು, ಹಿಂದಕ್ಕೆ. ಅದು ನಿನ್ನಿಂದ ದೂರ ಹೋಗಿ ತಿನ್ನುತ್ತದೆ, ನೆಮ್ಮದಿಯಾಗುತ್ತದೆ, ಇನ್ನೊಂದು ಬರುತ್ತದಾ ಅಂತ ತಾನಾಗೇ ಒಂದು ಹೆಜ್ಜೆ ಮುಂದೆ ಬರುತ್ತದೆ. ಆಗ ಮತ್ತೆ ಹಿಂದಕ್ಕೆ. ಹತ್ತಿರ ಬರೋದು ಅದರ ಇಷ್ಟ ಆಗಬೇಕು. ಎಷ್ಟು ದಿನ ಅಂತ ಕೇಳಬೇಡ, ಕೆಲವಕ್ಕೆ ನಾಲ್ಕು ದಿನ, ಕೆಲವಕ್ಕೆ ನಾಲ್ಕು ತಿಂಗಳು. ಬೇಯಿಸಿದ ಮೊಟ್ಟೆ ಒಳ್ಳೆಯದು, ಕಡಿಮೆ ಖರ್ಚು, ಸ್ಟೂಡೆಂಟ್ ಜೇಬಿಗೆ ಸರಿ. ಒಂದು ಮೊಟ್ಟೆಯಲ್ಲಿ ನಲವತ್ತು ತುಂಡು ಆರಾಮಾಗಿ ಆಗುತ್ತದೆ.

ಇನ್ನು ಚೂರುಪಾರು ಪ್ರಶ್ನೆಗಳು.

ದ್ರಾಕ್ಷಿ ಕೊಡಬಹುದಾ? (ಬೀದರ್) ಒಂದೂ ಬೇಡ. ಹಸಿಯೂ ಬೇಡ, ಒಣದ್ರಾಕ್ಷಿಯೂ ಬೇಡ, ಮೂತ್ರಪಿಂಡ ಕೆಡುತ್ತದೆ. ಪ್ರಸಾದದ ಶಿರಾದಲ್ಲಿ ಒಣದ್ರಾಕ್ಷಿ ಇರುತ್ತದೆ, ನೆನಪಿರಲಿ.

ಸುಸಲಾ ಅಂದರೆ ಪ್ರಾಣ ಬಿಡುತ್ತದೆ, ಒಂದು ಹಿಡಿ ಕೊಟ್ಟರೆ? (ಕಲಬುರಗಿ) ಬರೀ ಚುರುಮುರಿ ನಾಲ್ಕು ಕಾಳು ಕೊಡಿ. ಸುಸಲಾದಲ್ಲಿ ಉಳ್ಳಾಗಡ್ಡಿ ಇದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಸಿಯಾಗಲಿ ಬೆಂದದ್ದಾಗಲಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ.

ಮಕ್ಕಳು ಚಾಕಲೇಟ್ ಕೊಟ್ಟುಬಿಟ್ಟರು, ಎರಡು ದಿನ ಆಯಿತು, ಏನೂ ಆಗಿಲ್ಲ. (ಸೇಡಂ) ಆಗಿಲ್ಲ ಅಂದರೆ ಈ ಸಲ ಬಚಾವ್. ಕಪ್ಪು ಚಾಕಲೇಟ್ ಆದಷ್ಟೂ ವಿಷ ಜಾಸ್ತಿ, ಹೃದಯ ಬಡಿತ ಏರುತ್ತದೆ, ಫಿಟ್ಸ್ ಬರಬಹುದು. ಇನ್ನೊಮ್ಮೆ ಹೀಗಾದರೆ ಕಾಯಬೇಡಿ, ಪ್ಯಾಕೆಟ್ ಕೈಯಲ್ಲಿ ಹಿಡಿದು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಶುಗರ್‌ಫ್ರೀ ಚ್ಯೂಯಿಂಗ್ ಗಮ್ ತಿಂದರೂ ಅಷ್ಟೇ ಅವಸರ. ಅದರಲ್ಲಿನ ಸಿಹಿ ಪದಾರ್ಥ ಝೈಲಿಟಾಲ್‌ನಿಂದ ರಕ್ತದ ಸಕ್ಕರೆ ಅರ್ಧ ತಾಸಿನಲ್ಲೇ ಕುಸಿಯಬಹುದು.

ಜಾತ್ರೆ ಊಟದ ಮಟನ್ ಮೂಳೆ? (ಶಹಾಪುರ) ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಬೇಡ.

ಅಂಗಡಿಯ ಚರ್ಮದ ಬೋನ್, ಗಟ್ಟಿ ಕಡ್ಡಿ ತಂದಿದ್ದೇವೆ, ಕಲಿಸೋಕೆ ಆಗುತ್ತದಾ? (ಬಸವಕಲ್ಯಾಣ) ಒಂದು ಕಡ್ಡಿ ಅಗಿಯೋಕೆ ಹತ್ತು ನಿಮಿಷ, ಅಷ್ಟರಲ್ಲಿ ನಿಮ್ಮ ಪಾಠದ ಗಂಟೆ ಹೊಡೆದಿರುತ್ತದೆ. ಅಂಗಡಿಯದ್ದೇ ಬೇಕಾದರೆ ಮೆತ್ತಗಿನದು ಕೇಳಿ, ಪ್ಯಾಕೆಟ್ ಹಿಂದೆ ಮೊದಲ ಹೆಸರು ಮಾಂಸದ್ದಿದೆಯಾ ನೋಡಿ. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇದ್ದರೆ ಹಲ್ಲಿಗೂ ಅಪಾಯ.

ತಿನಿಸಿನ ಜೊತೆ ಬೆರಳೂ ಕಚ್ಚುತ್ತದೆ! (ಔರಾದ್) ಬೆರಳ ತುದಿಯಲ್ಲಿ ಹಿಡಿಯಬೇಡಿ. ಕುದುರೆಗೆ ಬೆಲ್ಲ ಕೊಡುವ ಹಾಗೆ ಅಂಗೈ ಚಾಚಿ ಕೊಡಿ.

ನಮ್ಮ ನಾಯಿಗೆ ಯಾವುದು ಇಷ್ಟ ಅಂತ ತಿಳಿಯೋದು ಹೇಗೆ? (ಯಾದಗಿರಿ) ಎರಡು ಮುಷ್ಟಿಯಲ್ಲಿ ಎರಡು ಥರ ಹಿಡಿದು ಮುಂದೆ ಚಾಚಿ, ಯಾವುದನ್ನು ಜಾಸ್ತಿ ಮೂಸಿ ನೆಕ್ಕುತ್ತದೆ ನೋಡಿ. ಕೈ ಅದಲು ಬದಲು ಮಾಡಿ ನಾಲ್ಕೈದು ಸಲ ಮಾಡಿ, ಇಲ್ಲದಿದ್ದರೆ ಬರೀ ಬಲಗೈ ಅಭ್ಯಾಸ ಇರಬಹುದು. ನನ್ನ ಮನೆಯ ಮುದುಕನಿಗೆ ಹೀಗೆ ಪರೀಕ್ಷೆ ಮಾಡಿದರೆ ಕೋಳಿ ಸೋತು ಗಜ್ಜರಿ ಗೆದ್ದಿತು. ಹದಿಮೂರು ವರ್ಷ ಕೋಳಿ ಬೇಯಿಸಿದವನು ನಾನು!